ಪೈಪುಗಳ ನಡುವೆ ಅವ್ವನ ಒರಳು

ನಮ್ಮ ಮನೆಯ ಬಲಪಕ್ಕಕ್ಕೆ, ಗೋಡೆಗೂ ಕಂಪೌಂಡಿಗೂ ನಡುವೆ, ಉದ್ದಕ್ಕೆ ಒಂದು ಮಣ್ಣಿನ ಪಟ್ಟಿ ಇತ್ತು. ಪುಣೆಯ ವಾಕಡದಲ್ಲಿ ಈ ರೋ ಹೌಸ್ ಕೊಂಡಾಗ ಬಿಲ್ಡರ್ ಅದನ್ನು ಗಾರ್ಡನ್ ಎಂದು ಹೇಳಿ ನಮ್ಮ ತಲೆಗೆ ಕಟ್ಟಿದ್ದ. ಅಲ್ಲಿ ಹುಲುಸಾಗಿ ಬೆಳೆದದ್ದು ಪೈಪುಗಳು ಮಾತ್ರ. ಕರೆಂಟಿನ ಕೇಬಲ್ ಇದ್ದ ದಪ್ಪ ಪೈಪು, ಬೋರಿನ ನೀರಿನದೊಂದು, ನಳದ ನೀರಿನದೊಂದು, ಕೊನೆಗೆ ಬಂದು ಸೇರಿದ ಇಂಟರ್ನೆಟ್ಟಿನ ಸಣಕಲು ಪೈಪು. ಪ್ರತಿ ಮಳೆಗಾಲಕ್ಕೂ ಮಣ್ಣು ಒಂದಿಷ್ಟು ಕೊಚ್ಚಿಹೋಗಿ ಇವೆಲ್ಲ ಒಂದೊಂದಾಗಿ ಮೇಲೆ ಕಾಣಿಸಿಕೊಂಡವು. ನನ್ನ ಗಂಡ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡುವವರು. ಅವರಿಗೆ ಹೊರಗೆ ಕಾಣುವ ಪೈಪು ಎಂದರೆ ಅಂಗಿಯಿಂದ ಹೊರಗೆ ಇಣುಕುವ ಬನಿಯನ್ ಇದ್ದಂತೆ. ನೋಡಿದಾಗಲೆಲ್ಲ ಮುಖ ಹುಳ್ಳಗೆ ಮಾಡಿಕೊಂಡು, "ಈ ಸಲ ಇದಕ್ಕೊಂದು ಕಾಂಕ್ರೀಟ್ ಹಾಕ್ಸೇಬಿಡೂಣು" ಎನ್ನುತ್ತಿದ್ದರು.

ಆ ಪಟ್ಟಿಯಿಂದ ನಿಜವಾಗಿ ಏನಾದರೂ ಕೆಲಸ ತೆಗೆದವಳು ಅವ್ವ ಒಬ್ಬಳೇ. ಅಡುಗೆಮನೆಯ ಹಿಂಬಾಗಿಲು ಅಲ್ಲಿಗೇ ತೆರೆಯುತ್ತದೆ. ಅವ್ವ ತನ್ನ ಒರಳನ್ನು ಉರುಳಿಸಿಕೊಂಡು ಬಂದು, ಆ ಮಣ್ಣಿನ ಮೇಲೆ ಗೋಣಿಚೀಲದ ಸಿಂಬಿ ಮಾಡಿ, ಅದರ ಮೇಲೆ ಒರಳು ಕೂರಿಸಿ ಚಟ್ನಿ ರುಬ್ಬುತ್ತಿದ್ದಳು. ಮಿಕ್ಸರಿನ ಚಟ್ನಿಯನ್ನು ಅವಳು ಚಟ್ನಿ ಎಂದು ಕರೆದದ್ದೇ ಇಲ್ಲ.

ಆ ಒರಳಿನ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ಅವ್ವನಿಗೆ ತವರಿನಿಂದ ಬಂದ ಕಲ್ಲು. ನನ್ನ ಅಪ್ಪನದು ವರ್ಗಾವಣೆಯ ನೌಕರಿ. ಗದಗ, ಹಾವೇರಿ, ಸವದತ್ತಿ, ಧಾರವಾಡ ಎಂದು ಊರೂರು ಅಲೆದೆವು, ಎಲ್ಲ ಕಡೆಯೂ ಬಾಡಿಗೆ ಮನೆ. ಮಾಲಕರ ಅಡುಗೆಮನೆಯಲ್ಲಿ ಅವರ ಒರಳು ನೆಲದೊಳಗೆ ಗಟ್ಟಿಯಾಗಿ ಹೂತು ಕೂತಿರುತ್ತಿತ್ತು. ಅವ್ವನ ಒರಳಿಗೆ ಮಾತ್ರ ಯಾವ ಊರಲ್ಲೂ ನೆಲ ಸಿಗಲಿಲ್ಲ, ಏಕೆಂದರೆ ಬಾಡಿಗೆ ಮನೆಯ ನೆಲ ಅಗೆಯುವ ಹಾಗಿಲ್ಲ. ಅದು ಸಿಂಬಿಯ ಮೇಲೇ ಇತ್ತು. ರುಬ್ಬುವಾಗ ಅಲುಗಾಡದ ಹಾಗೆ ಅವ್ವ ಅದನ್ನು ಎರಡೂ ಪಾದಗಳಿಂದ ಅವುಚಿ ಹಿಡಿದುಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ನಾನು ರುಬ್ಬುವುದೆಂದರೆ ಕೈಕಾಲು ನಾಲ್ಕರಿಂದಲೂ ಮಾಡುವ ಕೆಲಸವೆಂದೇ ತಿಳಿದಿದ್ದೆ.

ಅಪ್ಪ ಹೋದ ಮೇಲೆ ಅವ್ವ ಧಾರವಾಡದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಳು. ನಾನು ಒಬ್ಬಳೇ ಮಗಳು. ಬಾ ಎಂದರೆ ಬರಲಿಲ್ಲ. ಕೊನೆಗೆ ಹಿಂಜವಾಡಿಯಲ್ಲಿ ಆಫೀಸಿನ ಕ್ಯಾಬ್ ಇಳಿಯುವಾಗ ನಾನು ಜಾರಿ ಬಿದ್ದು ಕಾಲು ಮುರಿದುಕೊಂಡೆ, ಆಗ ಓಡಿ ಬಂದಳು. ಕಾಲು ಕೂಡಿತು. ಕೂಡಿದ್ದನ್ನು ನಾನು ಆದಷ್ಟು ದಿನ ಮುಚ್ಚಿಟ್ಟೆ, ಮೆಟ್ಟಿಲ ಹತ್ತಿರ ಬಂದಾಗಲೆಲ್ಲ ಕುಂಟಿದೆ. ಆಮೇಲೆ ದೀಪಾವಳಿ ಎಂದೆ, ಸಂಕ್ರಾಂತಿ ಎಂದೆ, ಬಿಸಿಲು ಭಾಳ ಎಂದೆ, ಮಳೆ ಭಾಳ ಎಂದೆ. ನಡುವೆ ಒಮ್ಮೆ ಕಾರಿನಲ್ಲಿ ಧಾರವಾಡಕ್ಕೆ ಹೋದಾಗ ಒರಳನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆವು. ಆದರೆ ಖೋಲಿ ಬಿಡಲು ಅವ್ವ ಒಪ್ಪಲಿಲ್ಲ. ಅದಕ್ಕೆ ಕೀಲಿ ಹಾಕಿ, ಬಾಡಿಗೆ ಕಟ್ಟುತ್ತ, ನಮ್ಮ ಮನೆಯಲ್ಲಿ ಬಂದ ಬೀಗರ ಹಾಗೆ ಇದ್ದಳು. ಒಗೆದ ಸೀರೆ ಒಣಗಿದ ಕೂಡಲೇ ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು. ಅವಳಿಗೆಂದು ನಾನು ಖಾಲಿ ಮಾಡಿಕೊಟ್ಟ ಕಪಾಟಿನಲ್ಲಿ ಧೂಳು ಕೂತಿತು.

"ಮಗಳ ಮನ್ಯಾಗ ಹಿಂಗ ಠಿಕಾಣಿ ಹೂಡಿದ್ರ ಮಂದಿ ಏನ ಅಂದಾರು?" ಇದು ಅವಳ ಒಂದೇ ಮಾತು. ಪುಣೆಯಲ್ಲಿ ಯಾವ ಮಂದಿಗೂ ಅಷ್ಟು ಪುರುಸೊತ್ತಿಲ್ಲ ಎಂದು ಎಷ್ಟು ಸಲ ಹೇಳಿದೆನೋ. ಅವಳು ಇಲ್ಲೇ ಇರಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ಅವಳು ಬ್ಯಾಗಿನ ಜಿಪ್ ಎಳೆದ ಸದ್ದಿಗೆ ನಾನು ಪಕ್ಕದ ಕೋಣೆಯಿಂದ ಓಡಿ ಬಂದು ನೋಡುತ್ತಿದ್ದೆ.

ಇದರ ಜೊತೆ ಇನ್ನೊಂದು ಫಜೀತಿ. ನಮ್ಮ ಕಡೆ ಹಳೆಯ ಕಾಲದ ಅತ್ತೆಯಂದಿರು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅವ್ವ ಆ ರಿವಾಜನ್ನು ವಾಕಡಕ್ಕೂ ತಂದಿದ್ದಳು. ಅಳಿಯ ಬಂದರೆ ಸೆರಗು ಹೊದ್ದು ಬಾಗಿಲ ಹಿಂದೆ ಸರಿಯುವಳು, ಹೇಳಬೇಕಾದ್ದನ್ನು ನನಗೆ ಹೇಳುವಳು. ನನ್ನ ಗಂಡನೂ ಮರ್ಯಾದೆಯಲ್ಲಿ ಅವಳಿಗಿಂತ ಒಂದು ಕೈ ಮೇಲು. ನಾಷ್ಟಾದ ಹೊತ್ತಿಗೆ ನಮ್ಮ ಮನೆಯ ಮಾತುಕತೆ ಹೀಗಿರುತ್ತಿತ್ತು.

"ಇನ್ನೊಂದು ದ್ವಾಸಿ ಹಾಕ್ಕೋತಾರೇನು ಕೇಳು."

"ಸಾಕಂತ ಹೇಳು."

"ಬರೇ ಎರಡ ತಿಂದಾರ, ಹೊಟ್ಟಿಗೆ ಸಾಲೂದಿಲ್ಲ ಅಂತ ಹೇಳು."

ಮೂರು ಜನರೂ ಇರುವುದು ಒಂದೇ ಅಡುಗೆಮನೆಯಲ್ಲಿ. ನಡುವೆ ನಿಂತ ನಾನು ಯಾರಿಗೂ ಏನೂ ಹೇಳದೆ ನನ್ನ ದೋಸೆ ತಿನ್ನುತ್ತಿದ್ದೆ. ಆದರೂ ಇಬ್ಬರಿಗೂ ಎಲ್ಲ ತಲುಪುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ಕಾಂಕ್ರೀಟ್ ಹಾಕಿಸುವುದು ನಿಜವಾಗಿಯೂ ನಿಶ್ಚಯವಾಯಿತು. ಒಂದು ಸಂಜೆ ನನ್ನ ಗಂಡ ಸೀಮೆಸುಣ್ಣ ಹಿಡಿದು ಪಕ್ಕದ ಗೋಡೆಯ ಮೇಲೆಲ್ಲ ಗೆರೆ ಎಳೆದರು. ಯಾವ ಪೈಪು ಎಲ್ಲಿ ಹೋಗುತ್ತದೆ, ಎಲ್ಲಿ ಮೇಲೇಳುತ್ತದೆ ಎಂಬ ಪೂರ್ತಿ ನಕಾಶೆ. ಅದರ ನಡುವೆ, ಹಿಂಬಾಗಿಲಿನ ಎದುರಿಗೆ, ಒಂದು ದುಂಡನೆಯ ಗೆರೆ.

"ಇದೇನ್ರಿ? ಮ್ಯಾನ್‌ಹೋಲೇನು?" ಎಂದೆ.

"ಅತ್ತಿಯವರ ಒಳ್ಳು. ಕಾಂಕ್ರೀಟ್ ಹಾಕೂ ಮುಂದ ಅಲ್ಲೇ ಹೂತಬಿಡೂಣು. ಇಲ್ಲಂದ್ರ ಅವರು ಎಲ್ಲಿ ಕೂತು ರುಬ್ಬಬೇಕು?"

ಯಾರನ್ನೂ ಕೇಳದೆ, ಕಾರ್ಖಾನೆಯ ನಕಾಶೆಯಲ್ಲಿ ಬೋಲ್ಟಿಗೆ ಜಾಗ ಬಿಡುವಷ್ಟು ಸಹಜವಾಗಿ ಅವರು ಅವ್ವನಿಗೆ ಜಾಗ ಬಿಟ್ಟಿದ್ದರು. ನನಗೆ ಅವರನ್ನು ಅಲ್ಲೇ ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು.

"ಬ್ಯಾಡ ಅಂತ ಹೇಳು. ಮಗಳ ಮನಿ ನೆಲಾ ಅಗದು ನನ್ನ ಒಳ್ಳು ಹೂಳೂದು ಛಲೋ ಕಾಣಂಗಿಲ್ಲ. ನಾಳೆ ನಾ ಹೋಗೂ ಮುಂದ ಅದನ್ನ ಕೀಳೂದು ಹೆಂಗ?"

ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲಿಗೆ ಹೋಗ್ತಿ? ಆ ಖೋಲ್ಯಾಗ ನಿನಗ ಯಾರ ಕಾಯ್ಕೋತ ಕೂತಾರ? ಮಗಾ ಆಗಿದ್ರ ಇಷ್ಟೊತ್ತಿಗೆ ಇಡೀ ಮನಿ ನಿಂದಾಗ್ತಿತ್ತು. ಮಗಳಾಗಿ ಹುಟ್ಟಿದ್ದು ನಂದೇನು ತಪ್ಪು?" ಎಂದು ಒಂದೇ ಉಸಿರಿನಲ್ಲಿ ಕೂಗಾಡಿದೆ. ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ತಾಟಿಗೆ ಮಾತ್ರ ತುಪ್ಪ ಜಾಸ್ತಿ ಬಿತ್ತು. ಅವ್ವ ಸಮಾಧಾನ ಹೇಳುವ ರೀತಿಯೇ ಅದು, ಆದರೆ ಅದರ ಅರ್ಥ ಒಪ್ಪಿದ್ದೇನೆ ಎಂದಲ್ಲ.

ಗಾರೆ ಕೆಲಸಕ್ಕೆ ಬಂದ ಗೌಂಡಿ ಯಾದಗಿರಿ ಕಡೆಯವನು. ಜೊತೆಗೆ ಅವನ ಹೆಂಡತಿ, ಇನ್ನಿಬ್ಬರು ಆಳುಗಳು. ಗೌಂಡಿಗೆ ತನ್ನ ಕೆಲಸದ ಬಗ್ಗೆ ಸಂಶಯವೆಂಬುದೇ ಇರಲಿಲ್ಲ. "ನಾ ಹಾಕಿದ ನೆಲದ ಮ್ಯಾಲ ಲಾರಿ ಓಡಸ್ರಿ, ಆನಿ ಕುಣಸ್ರಿ" ಎನ್ನುತ್ತಿದ್ದ. ಎರಡು ಮಾತಿಗೊಮ್ಮೆ ಅವನ ಮೊಬೈಲು ಬಡಿದುಕೊಳ್ಳುತ್ತಿತ್ತು. ಹೆಂಡತಿ ಗಟ್ಟಿ ನಗುವಿನ ಹೆಂಗಸು, ಗಂಡನ ಮೊಬೈಲಿಗೆ ಸವತಿ ಎಂದೇ ಹೆಸರಿಟ್ಟಿದ್ದಳು.

ಅವರು ಮಣ್ಣು ಅಗೆದು, ಪೈಪುಗಳನ್ನು ಉಸುಕಿನಲ್ಲಿ ಮಲಗಿಸಿದರು. ನನ್ನ ಗಂಡ ಹಟ ಬಿಡದೆ ಒರಳಿನ ತೆಗ್ಗನ್ನೂ ತೆಗೆಸಿದರು. ಸರಿಯಾಗಿ ಅದರ ಅಡಿಯಲ್ಲೇ ಇಂಟರ್ನೆಟ್ಟಿನ ಪೈಪು ಹಾಯ್ದುಹೋಗಿತ್ತು. ಅದನ್ನು ನಿಧಾನವಾಗಿ ಬಳಸಿ, ತೆಗ್ಗಿನ ಸುತ್ತ ಅರ್ಧಚಂದ್ರದ ಹಾಗೆ ತಿರುಗಿಸಿ ತಂದರು. "ಇಂಟರ್ನೆಟ್ಟೂ ಒಳ್ಳಿಗೆ ಒಂದ ಸುತ್ತ ಬಂದ ಒಳಗ ಹೋಗ್ತದ್ರಿ, ಛಲೋನೇ ಆತು" ಎಂದು ಗೌಂಡಿ ಸರ್ಟಿಫಿಕೇಟು ಕೊಟ್ಟ. ಅವ್ವ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ಒರಳು ಮಾತ್ರ ಮೆಟ್ಟಿಲಿನ ಕೆಳಗೆ, ಗೋಣಿಚೀಲದಲ್ಲಿ ಸುತ್ತಿಕೊಂಡೇ ಇತ್ತು.

ಕಾಂಕ್ರೀಟ್ ಹಾಕುವ ದಿನ ರವಿವಾರ. ರಸ್ತೆಯ ಬದಿಗೆ ಸಣ್ಣ ಮಿಕ್ಸರ್ ಯಂತ್ರ ಬಂದು ನಿಂತಿತು. ನನ್ನ ಗಂಡ ಬೆಳಿಗ್ಗೆ ಎದ್ದವರೇ ಮೇಲೆ ಬಾಯಿ ತೆರೆದು ನಿಂತ ಪೈಪುಗಳಿಗೆಲ್ಲ ಅರಿವೆ ತುರುಕಿ, ಪ್ಲಾಸ್ಟಿಕ್ ಕಟ್ಟಿ, ಟೇಪು ಸುತ್ತಿದರು. ಮದುವೆಗೆ ಹೊರಟ ಮಕ್ಕಳಿಗೂ ಯಾರೂ ಅಷ್ಟು ಆಸ್ಥೆಯಿಂದ ಅಂಗಿ ತೊಡಿಸುವುದಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕೂ ಎನ್ನುವವರು, ಚಹಾದ ಕಪ್ಪು ಹಿಡಿದು ಕಂಪೌಂಡಿನ ಆಚೆ ಕುರ್ಚಿ ಹಾಕಿಕೊಂಡರು.

"ಅಮ್ಮಾರೆ, ಯಂತ್ರ ತಿರಗಾಕ ಹತ್ತೇದ. ಒಳ್ಳು ತರೂದೋ, ಇಲ್ಲಾ ಈ ತೆಗ್ಗ ತುಂಬಿ ಸಪಾಟ ಮಾಡೂದೋ, ಈಗ ಹೇಳಬೇಕ್ರಿ" ಎಂದ ಗೌಂಡಿ.

ನಾನು ಗಂಡನ ಮುಖ ನೋಡಿದೆ. ಅವರು ತೆಗ್ಗು ನೋಡಿದರು. ಅವ್ವ ಬೇಡವೆಂದ ಮೇಲೆ ಅವಳ ಕಲ್ಲನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ತುಂಬಿಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಅವ್ವ ನಿಂತಿದ್ದಳು, ಕೈಯಲ್ಲಿ ಅರಿಷಿಣ ಕುಂಕುಮದ ತಟ್ಟೆ, ಎರಡು ದಾಸವಾಳದ ಹೂವು.

"ಪೂಜಾ ಮಾಡದ ಒಳ್ಳು ಕೂಡಸಬಾರದು ಅಂತ ಹೇಳು" ಎಂದಳು. ಅಷ್ಟೇ.

ನನಗೆ ಕುಣಿಯಬೇಕೆನಿಸಿತು. ಕುಣಿದರೆ ಎಲ್ಲಿ ಮನಸ್ಸು ತಿರುಗಿಸುತ್ತಾಳೋ ಎಂದು ಮೆಟ್ಟಿಲ ಕೆಳಗೆ ಓಡಿದೆ.

ಇಬ್ಬರು ಆಳುಗಳು ಒರಳನ್ನು ಎತ್ತಿ ತಂದು ತೆಗ್ಗಿನಲ್ಲಿ ಇಳಿಸಿದರು. ನನ್ನ ಗಂಡ ನೆಲದ ಮೇಲೆ ಹೊಟ್ಟೆಯಡಿ ಮಲಗಿ ಅದರ ಮಟ್ಟ ನೋಡಿದರು. ಗೌಂಡಿಯ ಹೆಂಡತಿ, "ಕುಂತ ನೋಡ್ರಿ ಅಜ್ಜಿ, ನಿಮ್ಮ ಕೈಗೆ ಹದಾ ಅದೇನು" ಎಂದಳು. ಅವ್ವ ಕುಳಿತು, ಖಾಲಿ ಕೈಯನ್ನು ಗಾಳಿಯಲ್ಲಿ ಗರಗರ ತಿರುಗಿಸಿ, ಇಲ್ಲದ ಚಟ್ನಿಯನ್ನು ಸಾಕಷ್ಟು ರುಬ್ಬಿ ನೋಡಿದಳು.

"ಒಂಚೂರು ಎಡಕ್ಕ ಸರಸಬೇಕಂತ ಅವರಿಗೆ ಹೇಳು" ಎಂದಳು ನನಗೆ. ಅವರು ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಮಲಗಿದ್ದರು.

"ಯಾಕ್ರಿ ಅಜ್ಜಿ, ಸಾಹೇಬರಿಗೆ ಕಿವಿ ಕೇಳಸಂಗಿಲ್ಲೇನು?" ಎಂದು ಗೌಂಡಿಯ ಹೆಂಡತಿ ಗೊಳ್ಳೆಂದು ನಕ್ಕಳು. ಅವ್ವ ಸೆರಗು ಇನ್ನಷ್ಟು ಮುಂದೆಳೆದುಕೊಂಡಳು. ಒರಳು ಒಂಚೂರು ಎಡಕ್ಕೆ ಸರಿಯಿತು.

ಅವ್ವ ಅದಕ್ಕೆ ನೀರು ಚಿಮುಕಿಸಿ, ಅರಿಷಿಣ ಕುಂಕುಮ ಹಚ್ಚಿ, ಹೂವನ್ನು ಒರಳಿನ ಕುಳಿಯೊಳಗೇ ಇಟ್ಟು ಕೈ ಮುಗಿದಳು. ನನ್ನ ಗಂಡ ಪೈಪುಗಳಿಗೆ ಕಟ್ಟಿ ಉಳಿದ ಅರಿವೆ, ಪ್ಲಾಸ್ಟಿಕ್ ಹಿಡಿದು ಒರಳಿನ ಬಾಯಿಯನ್ನೂ ಮುಚ್ಚಲು ಬಂದರು. ಅವ್ವನ ಹುಬ್ಬು ಮೇಲೇರಿತು.

"ಉಣ್ಣಾಕ ಕೊಡೂ ಒಳ್ಳಿನ ಬಾಯಾಗ ಹೊಲಸ ಅರಿವಿ ತುರುಕಬಾರದಂತ ಹೇಳು. ಪೂಜಾ ಮಾಡಿದ ಹೂವು ಅದ ಒಳಗ."

ಗೌಂಡಿ ಕೈ ಮುಗಿದು, "ಖರೇ ಅದ ಅಜ್ಜಿ" ಎಂದ. ದೇವರ ಮುಂದಿನ ವಸ್ತುವಿಗೆ ಪ್ಲಾಸ್ಟಿಕ್ ಮುಸುಕು ಹಾಕುವುದೆಂದರೇನು ಎಂದು ನಾನೂ ತಲೆಯಾಡಿಸಿದೆ. ಹೀಗೆ ನಾಲ್ಕು ಪೈಪಿಗೂ ಮುಚ್ಚಳ ಬಿತ್ತು, ಒರಳು ಬಾಯಿ ತೆರೆದುಕೊಂಡು ಕೂತಿತು.

ಕಾಂಕ್ರೀಟ್ ಹಾಕುವುದನ್ನು ನೋಡುವುದರಲ್ಲಿ ಒಂದು ಮಜಾ ಇದೆ. ಯಂತ್ರದಿಂದ ಗೇಟಿನವರೆಗೆ, ಗೇಟಿನಿಂದ ಪಕ್ಕದ ಪಟ್ಟಿಯೊಳಕ್ಕೆ ಬುಟ್ಟಿಗಳು ಕೈಯಿಂದ ಕೈಗೆ ಬಂದವು. ಖಾಲಿ ಬುಟ್ಟಿ ಹಿಂದಕ್ಕೆ, ತುಂಬಿದ್ದು ಮುಂದಕ್ಕೆ. ಸಾಲಿನಲ್ಲಿ ಒಬ್ಬರು ಕಡಿಮೆ ಬಿದ್ದಾಗ ನಾನೂ ಸೇರಿಕೊಂಡೆ. ಮೊದಲ ಬುಟ್ಟಿಗೇ ನನ್ನ ಸೊಂಟ ತನ್ನ ವಯಸ್ಸು ಹೇಳಿತು. ಗೌಂಡಿ ಕೊನೆಯಲ್ಲಿ ನಿಂತು ಸುರಿದು, ಕಟ್ಟಿಗೆಯ ಪಟ್ಟಿಯಿಂದ ಎಳೆದು ಸಮ ಮಾಡುತ್ತ ಬಂದ. ನನ್ನ ಗಂಡ, "ಪೈಪು, ಪೈಪು! ಪೈಪಿಗೆ ಧಕ್ಕಾ ಹತ್ತಬಾರದು" ಎಂದು ಒಂದೇ ಸಮನೆ ಜಪ ಮಾಡುತ್ತಿದ್ದರು. ನಮ್ಮೆಲ್ಲರ ಕಣ್ಣೂ ಪೈಪುಗಳ ಮೇಲೇ ಇತ್ತು.

ಆಗಲೇ ಗೌಂಡಿಯ ಜೇಬಿನಲ್ಲಿ ಸವತಿ ಬಡಿದುಕೊಂಡಳು. ಕೈಯಲ್ಲಿ ತುಂಬಿದ ಬುಟ್ಟಿ, ಕಣ್ಣು ಜೇಬಿನ ಕಡೆ. ಧೊಪ್ಪನೆ ಒಂದು ಸದ್ದಾಯಿತು. ನೋಡಿದರೆ ಕರೆಂಟಿನ ಪೈಪು ಕ್ಷೇಮ, ನೀರಿನ ಪೈಪು ಕ್ಷೇಮ. ಇಡೀ ಬುಟ್ಟಿಯ ಕಾಂಕ್ರೀಟು ಅವ್ವನ ಒರಳಿನೊಳಗೆ ಹೂವಿನ ಸಮೇತ ತುಂಬಿ, ಮೇಲೆ ಗುಡ್ಡೆಯಾಗಿ ಕೂತಿತ್ತು.

ಇದು ಗಟ್ಟಿಯಾದರೆ ಮುಗಿಯಿತು, ಒರಳೂ ಹೋಯಿತು, ಅವ್ವನೂ ಹೋದಳು ಎಂದುಕೊಂಡೆ. ಇಷ್ಟು ಕಷ್ಟಪಟ್ಟು ಮನಸ್ಸು ಮಾಡಿ ಕೊಟ್ಟ ಕಲ್ಲು ನಮ್ಮ ಮನೆಯಲ್ಲೇ ಹೀಗಾದರೆ, ಅವಳು ಅದನ್ನು ಶಕುನವೆಂದು ತಿಳಿದು ಸಂಜೆಯ ಬಸ್ಸಿಗೇ ಹೊರಡುವವಳು. ಪೈಪು ಪೈಪು ಎಂದು ಜಪಿಸುತ್ತಿದ್ದ ನನ್ನ ಗಂಡ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದರು.

"ಏನ ನೋಡ್ಕೋತ ನಿಂತೀಯೋ! ಕೈ ಹಾಕಿ ತಗಿ! ಲಗೂನ ತಗಿ!"

ಅವ್ವನ ದನಿ. ಅದು ನನಗೆ ಹೇಳಿದ್ದಲ್ಲ, ಗೌಂಡಿಗೂ ಅಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಳಿಯನ ಭುಜಕ್ಕೆ ಕೈ ಹಾಕಿ, ಅವರನ್ನು ಒರಳಿನ ಮುಂದೆ ದಬಕ್ಕೆಂದು ಕೂರಿಸಿಬಿಟ್ಟಳು. ಕ್ವಾಲಿಟಿ ನೋಡುವ ಮನುಷ್ಯ ಅರ್ಧ ಕ್ಷಣವೂ ಯೋಚಿಸದೆ ಎರಡೂ ಕೈ ಒಳಗೆ ಹಾಕಿ ಬಾಚತೊಡಗಿದರು. ಎದುರಿಗೆ ಅವ್ವ, ರೊಟ್ಟಿ ತಿರುವುವ ಚಮಚ ಹಿಡಿದು. ನಾನು ಸಾರಿನ ಸೌಟು ತಂದೆ. ಮರಾಠಿ ಕಾಕೂ "ಅಗಂಬಾಯಿ!" ಎನ್ನುತ್ತ ಎದ್ದು, ಕಂಪೌಂಡಿನ ಮೇಲಿಂದ ಭಜಿ ಕರಿಯುವ ತಮ್ಮ ದೊಡ್ಡ ಝಾರಿ ಸೌಟನ್ನೂ ಹಳೆಯ ಪಂಚೆಯನ್ನೂ ಎಸೆದರು. ಗೌಂಡಿ ರಬ್ಬರ್ ಪೈಪು ಹಿಡಿದು ಒರಳಿಗೆ ನೀರು ಬಿಡಲು ಹೋದ. ಅವನ ಹೆಂಡತಿ ಅವನ ಕೈಗೊಂದು ಏಟು ಕೊಟ್ಟು, "ಸುತ್ತಲಿನ ಕಾಂಕ್ರೀಟ ಎಲ್ಲ ತೊಳದ ಹೋಗ್ತದ, ಮೊದಲ ಆ ಮೊಬೈಲ ಆಚೆ ಒಗಿ" ಎಂದು ಗದರಿಸಿದಳು.

"ತಳದಾಗ ಖಡಿ ಕುಂತಾವ, ಬೆರಳ ಹಾಕು" ಎಂದಳು ಅವ್ವ.

"ಹಾಕೇನ್ರಿ ಅತ್ತಿ, ಇಲ್ಲೊಂದು ಸಿಕ್ಕೊಂಡದ, ಚಮಚ ಕೊಡ್ರಿ."

"ತಡಿ, ಹಂಗಲ್ಲ. ಹಿಂಗ."

ನಾನು ಸೌಟು ಹಿಡಿದು ಇಬ್ಬರನ್ನೂ ನೋಡುತ್ತ ಕೂತೆ. ಇಷ್ಟು ವರ್ಷ ನನ್ನ ಮೂಲಕ ಹಾಯ್ದು ಹೋಗುತ್ತಿದ್ದ ಮಾತೆಲ್ಲ ಈಗ ನೆಟ್ಟಗೆ ಓಡಾಡುತ್ತಿತ್ತು. ಕಡೆಯ ಖಡಿಕಲ್ಲು ಹೊರಗೆ ಬಂತು. ಅವ್ವ ಒದ್ದೆ ಅರಿವೆಯಿಂದ ಒಳಗೆಲ್ಲ ತಿಕ್ಕಿ ತಿಕ್ಕಿ ಒರೆಸಿದಳು. ಸಿಮೆಂಟಿನ ರಾಡಿಯಲ್ಲಿ ಜಜ್ಜಿಹೋದ ದಾಸವಾಳವನ್ನು ಎತ್ತಿ ಹಿಡಿದು ನೋಡಿ, ತಾನೇ ಮೊದಲು ನಕ್ಕಳು. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ಕಾಕೂ ಕೂಡ ಮತ್ತೆ ಕುರ್ಚಿಗೆ ಕುಸಿದು ನಕ್ಕರು. ಕೊನೆಗೆ ಅವ್ವನೇ ಒಂದು ಬೋಗುಣಿ ತಂದು ಒರಳಿನ ಬಾಯಿಗೆ ಬೋರಲು ಹಾಕಿದಳು. ಗೌಂಡಿ ಉಳಿದ ಕೆಲಸವನ್ನು ಮೊಬೈಲು ಹೆಂಡತಿಯ ಕೈಗೆ ಕೊಟ್ಟೇ ಮುಗಿಸಿದ.

ಕೆಲಸ ಮುಗಿದ ಮೇಲೆ ಅವ್ವನಿಗೆ ತಾನು ಮಾಡಿದ್ದು ನೆನಪಾಯಿತು. ಅಳಿಯನಿಗೆ ಬೈದದ್ದಲ್ಲದೆ ಹೆಗಲು ಹಿಡಿದು ಕೂರಿಸಿದ್ದು! ಅಡುಗೆಮನೆಯ ಮೂಲೆ ಹಿಡಿದಳು. ನನ್ನ ಗಂಡ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು. ಸಿಮೆಂಟಿಗೆ ಅಂಗೈ ಎರಡೂ ಕೆಂಪಾಗಿದ್ದವು.

"ಅತ್ತೀರಿ, ಭಾಳ ಉರೀಲಿಕ್ಕ ಹತ್ತ್ಯಾವ. ಏನರ ಹಚ್ಚೂದು ಅದ ಏನ್ರಿ?"

ಅವ್ವ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಮೊಬೈಲು ನೋಡುತ್ತ ಕೂತೆ. ಕೊನೆಗೆ ಅವಳು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಎದ್ದು, "ಹಿಡೀರಿ ಕೈ" ಎಂದು ಅವರ ಎರಡೂ ಅಂಗೈಗೆ ಎಣ್ಣೆ ಸುರಿದಳು.

ಕಾಂಕ್ರೀಟಿಗೆ ನೀರುಣಿಸುವ ಜವಾಬ್ದಾರಿಯನ್ನು ಅವ್ವ ಯಾರಿಗೂ ಬಿಡಲಿಲ್ಲ. ಸುತ್ತ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಿದಳು. ಬೆಕ್ಕು ಬಂದರೆ ಬೈದಳು, ನಾನು ಕಾಲಿಟ್ಟರೂ ಬೈದಳು. ನೆಲ ಗಟ್ಟಿಯಾದ ಮೇಲೆ ಒರಳಿನಲ್ಲಿ ಮೊದಲು ಉಪ್ಪು ಹಾಕಿ ರುಬ್ಬಿ ಚೆಲ್ಲಿದಳು, ಆಮೇಲೆ ನುಚ್ಚು ರುಬ್ಬಿ ಚೆಲ್ಲಿದಳು. ಬೆರಳು ಸವರಿ, ಮೂಸಿ ನೋಡಿ, ಸಮಾಧಾನವಾದ ಮೇಲೆಯೇ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆಹಣ್ಣು ತರಿಸಿ ರಂಜಕದ ಚಟ್ನಿ ರುಬ್ಬಲು ಕುಳಿತಳು. ಗುಂಡುಕಲ್ಲು ಗುಡುಗುಡು ತಿರುಗಿತು. ಒರಳು ಅಲುಗಲಿಲ್ಲ. ಅವ್ವ ಅಭ್ಯಾಸಬಲದಿಂದ ಮೊದಲು ಪಾದ ಒತ್ತಿ ಕುಳಿತಿದ್ದಳು. ನಡುವೆ ಯಾವಾಗಲೋ ಅವಳ ಕಾಲುಗಳು ತಾವಾಗಿ ಸಡಿಲಿ, ಬಿಸಿಲಿನಲ್ಲಿ ಉದ್ದಕ್ಕೆ ಚಾಚಿಕೊಂಡವು. ನಾನು ಅಡುಗೆಮನೆಯಿಂದ ಅದನ್ನು ನೋಡುತ್ತ ಎಷ್ಟೋ ಹೊತ್ತು ನಿಂತೆ. ಅಷ್ಟು ಸುಖದಲ್ಲಿ ಅವಳನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಜೋಳದ ರೊಟ್ಟಿ, ಬೆಣ್ಣೆ, ಆ ರಂಜಕ. ಒಂದು ಬಟ್ಟಲು ಕಾಕೂಗೂ ಹೋಯಿತು. ನನ್ನ ಗಂಡ ಮೊದಲ ತುತ್ತಿಗೇ ಬೆವರತೊಡಗಿದರು. ಅವ್ವ ಬೆಣ್ಣೆ ಬಡಿಸುತ್ತ ಅವರನ್ನೇ ನೋಡಿ ಕೇಳಿದಳು.

"ಬರೂ ಶನಿವಾರ ಸೂಟಿ ಅದ ಏನ್ರಿ ನಿಮಗ?"

"ಅದರೀ ಅತ್ತಿ. ಯಾಕ?"

"ಧಾರವಾಡಕ್ಕ ಹೋಗಿ ಬರೂಣು. ಸಾಮಾನು ಭಾಳೇನಿಲ್ಲ, ಕಾರಿನ್ಯಾಗ ಹಿಡೀತದ. ಖೋಲಿ ಕೀಲಿ ಮಾಲಕರಿಗೆ ಕೊಟ್ಟುಬಿಡ್ತೀನಿ."

ನಾನು ವರ್ಷಗಟ್ಟಲೆ ಬೇಡಿ, ಜಗಳಾಡಿ, ಸುಳ್ಳೇ ಕುಂಟಿ ಪಡೆಯಲಾಗದ್ದನ್ನು ಅವರಿಬ್ಬರೂ ಬೆಣ್ಣೆ ಬಡಿಸುವುದರೊಳಗೆ ಮಾತಾಡಿ ಮುಗಿಸಿದ್ದರು. ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ಜೀವನದಲ್ಲಿ ಅಷ್ಟು ಆನಂದದಿಂದ ನಾನು ಯಾವತ್ತೂ ಕಡೆಗಣಿಸಲ್ಪಟ್ಟಿಲ್ಲ.

ಶನಿವಾರ ಬೆಳಿಗ್ಗೆ ಕಾರಿನ ಮುಂದಿನ ಬಾಗಿಲು ತೆರೆಯಲು ಹೋದೆ. ಅಷ್ಟರಲ್ಲಿ ಅವ್ವ ಹತ್ತಿ, ಅಳಿಯನ ಪಕ್ಕದಲ್ಲಿ ಕೂತು, ಬೆಲ್ಟು ಹೇಗೆ ಹಾಕುವುದೆಂದು ಅವರನ್ನೇ ಕೇಳುತ್ತಿದ್ದಳು. ನಾನು ಹಿಂದಿನ ಸೀಟಿಗೆ ಹೋದೆ. ದಾರಿಯಲ್ಲಿ ಕರಾಡ ಊರು ದಾಟುವವರೆಗೂ ಅವರಿಬ್ಬರ ಮಾತು ನಿಲ್ಲಲಿಲ್ಲ, ನನ್ನನ್ನು ಯಾರೂ ಮಾತಾಡಿಸಲಿಲ್ಲ.